ಸೊಳ್ಳೆಪರದೆ, ರಾಗಿ ಗಂಜಿ, ಅಜ್ಜಿಯ ಫೋನು: ಕೀನ್ಯಾಕ್ಕೆ ಹೋದ ಮಿಷನರಿ ಕುಟುಂಬದ ಒಂದು ಪ್ರಕರಣ

(ಗುರುತು ಸಿಗದಂತೆ ಊರು, ಚರ್ಚಿನ ಸಭೆ, ಮನೆತನದ ವಿವರಗಳನ್ನು ಬದಲಿಸಿದೆ.)

ಕುಟುಂಬ ಹಳೇ ಮೈಸೂರು ಕಡೆಯದು. ತಂದೆ ದೇವಸೇವೆಗೆ ತರಬೇತಿ ಪಡೆದವರು, ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಮಗಳಿಗೆ ಏಳು ವರ್ಷ, ಮಗನಿಗೆ ಮೂರೂವರೆ. ಏಪ್ರಿಲ್‌ನಲ್ಲಿ ಪಶ್ಚಿಮ ಕೀನ್ಯಾಕ್ಕೆ, ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮು ನಗರದ ಸುತ್ತಿನ ಒಂದು ಸಣ್ಣ ಪಟ್ಟಣಕ್ಕೆ ಬಂದಿಳಿದರು. ನಮ್ಮಲ್ಲಿ ಆಪ್ತಸಲಹೆ ಕೇಳಿದ್ದು ನಾಲ್ಕನೇ ತಿಂಗಳಿನಲ್ಲಿ. ಮೂರು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗಳು ಈಗ ವಾರಕ್ಕೆ ನಾಲ್ಕೈದು ರಾತ್ರಿ ಒದ್ದೆ ಮಾಡಿಕೊಳ್ಳುತ್ತಾಳೆ, ಕೆಟ್ಟ ಕನಸು ಕಂಡು ಚೀರುತ್ತಾಳೆ, ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಮಗ ಬಿಸ್ಕತ್ತು ಮತ್ತು ಹಾಲಿನ ಚಹಾ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ತಾಯಿ ಬಾಗಿಲ ಕಡೆ ತಿರುಗಿದರೂ ಕಿರುಚುತ್ತಾನೆ. ಗಂಡ ಹೆಂಡತಿ ಇಬ್ಬರೂ ಮುಂದಿಟ್ಟ ಪ್ರಶ್ನೆ ಒಂದೇ: "ಮಕ್ಕಳಿಗೋಸ್ಕರ ನಾವು ವಾಪಸ್ ಹೋಗಬೇಕಾ?"

ಆ ಪ್ರಶ್ನೆಯನ್ನು ಮೊದಲ ಭೇಟಿಯಲ್ಲಿ ಮುಟ್ಟಲಿಲ್ಲ. ಹೊಸ ದೇಶಕ್ಕೆ ಹೋದ ಮಕ್ಕಳ ವಿಷಯದಲ್ಲಿ ಸಲಹೆಗಾರರು ಮಾಡುವ ದೊಡ್ಡ ತಪ್ಪು, ಎಲ್ಲವನ್ನೂ ಹೊಂದಾಣಿಕೆಯ ಸಮಸ್ಯೆ ಎಂದು ಬರೆದುಕೊಂಡು ನೇರ ಮನಸ್ಸಿನ ಮಾತಿಗೆ ಇಳಿದುಬಿಡುವುದು. ಮನಸ್ಸಿಗಿಂತ ಮೊದಲು ಕೇಳಬೇಕಾದ್ದು ಮಗು ನುಂಗುತ್ತಿರುವ ಮಾತ್ರೆ, ಮಲಗುವ ಹಾಸಿಗೆ, ಉಣ್ಣುವ ತಟ್ಟೆ. ಈ ಪ್ರಕರಣದ ಅರ್ಧ ಉತ್ತರ ಅಲ್ಲೇ ಇತ್ತು.

ಮೊದಲು ಮಾತ್ರೆ. ವಿಕ್ಟೋರಿಯಾ ಸರೋವರದ ಸುತ್ತಲಿನ ನಾಡು ಮಲೇರಿಯಾದ ಸೀಮೆ. ಹೊರಡುವ ಮುನ್ನ ಮಕ್ಕಳಿಗೆ ತಡೆಮಾತ್ರೆ ಬರೆದುಕೊಟ್ಟಿದ್ದರು: ಮೆಫ್ಲೋಕ್ವಿನ್, ವಾರಕ್ಕೊಮ್ಮೆ. ಭಾನುವಾರ ಆರಾಧನೆ ಮುಗಿಸಿ ಬಂದು ಕೊಡುವ ರೂಢಿ. ಮಗಳ ಕೆಟ್ಟ ಕನಸು ಶುರುವಾದದ್ದು ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ. ಈ ಔಷಧ ಕೆಲವರಲ್ಲಿ ಭಯಾನಕ ಕನಸು, ಕಳವಳ, ಅಳುಕು ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದರ ಮೇಲೆ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿತು. ಹಾಗೆಂದು ಮಾತ್ರೆ ನಿಲ್ಲಿಸಿ ಎಂದು ಆಪ್ತಸಲಹೆಗಾರರು ಹೇಳಕೂಡದು. ಆ ಸೀಮೆಯಲ್ಲಿ ತಡೆಮಾತ್ರೆ ಇಲ್ಲದ ಹೊರಗಿನ ಮಗುವಿಗೆ ಮಲೇರಿಯಾ ಬಂದರೆ ಪ್ರಾಣಕ್ಕೇ ಕುತ್ತು. ಕನಸುಗಳ ದಿನಾಂಕ ಮತ್ತು ಮಾತ್ರೆಯ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆಸಿ, ಅದೇ ವಾರ ಅಲ್ಲಿನ ಮಕ್ಕಳ ವೈದ್ಯರಿಗೆ ತೋರಿಸುವಂತೆ ಹೇಳಲಾಯಿತು. ವೈದ್ಯರು ತೂಕ ನೋಡಿ ದಿನಕ್ಕೊಂದು ಸಲ ಕೊಡುವ ಅಟೊವಾಕೋನ್-ಪ್ರೊಗ್ವಾನಿಲ್‌ಗೆ ಬದಲಿಸಿದರು. (ಡಾಕ್ಸಿಸೈಕ್ಲಿನ್ ಅಗ್ಗವಾದರೂ ಎಂಟು ವರ್ಷದೊಳಗಿನವರಿಗೆ ಕೊಡುವುದಿಲ್ಲ.) ಮೆಫ್ಲೋಕ್ವಿನ್ ಮೈಯಿಂದ ಇಳಿಯಲು ವಾರಗಳೇ ಬೇಕು, ಮಾತ್ರೆ ಬದಲಿಸಿದ ಮರುದಿನವೇ ಕನಸು ನಿಲ್ಲುವುದಿಲ್ಲ ಎಂಬುದನ್ನೂ ಮುಂಚಿತವಾಗಿ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಎರಡನೇ ವಾರದಲ್ಲೇ ಅವರು ಕೈಚೆಲ್ಲುತ್ತಿದ್ದರು. ಮತ್ತೊಂದು ಮಾತನ್ನು ಬರೆದು ಗೋಡೆಗೆ ಅಂಟಿಸಲು ಹೇಳಲಾಯಿತು: ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ.

ಹಾಸಿಗೆ ಒದ್ದೆಯಾಗುವ ವಿಷಯದಲ್ಲೂ ಮೊದಲು ವೈದ್ಯರ ಪರೀಕ್ಷೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಈ ಮೂರನ್ನೂ ನೋಡಿಯೇ ಮುಂದಕ್ಕೆ ಹೋಗಬೇಕು. ಮೂರೂ ಇರಲಿಲ್ಲ. ಆಮೇಲೆ ತಾಯಿಗೆ ಹೇಳಿದ್ದು: ರಾತ್ರಿ ದೀಪ ಆರಿಸಿ, ಮಗಳ ಹಾಸಿಗೆಯಲ್ಲಿ ನೀವೇ ಮಲಗಿ, ಅಲ್ಲಿಂದ ಬಚ್ಚಲಿಗೆ ಎದ್ದು ಹೋಗಿ ನೋಡಿ.

ತಾಯಿ ಹೋಗಿ ನೋಡಿದರು. ಸೊಳ್ಳೆಪರದೆಯನ್ನು ನಾಲ್ಕೂ ಕಡೆ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿತ್ತು. ಕತ್ತಲಲ್ಲಿ ಅದರ ಅಂಚು ಹುಡುಕಿ ಎಳೆಯಲು ದೊಡ್ಡವರಿಗೇ ತಡವರಿಸಬೇಕು. ಪರದೆ ದಾಟಿದರೆ ಹದಿನಾಲ್ಕು ಹೆಜ್ಜೆ ಉದ್ದದ ನಡುಮನೆ. ಕರೆಂಟು ಹೋದಾಗ ಕಣ್ಣು ಕಾಣದು. ಕಿಟಕಿಯಾಚೆ ಕಾವಲುಗಾರ ಟಾರ್ಚು ಹಿಡಿದು ಓಡಾಡುತ್ತಾನೆ, ಅವನ ನೆರಳು ಗೋಡೆಯ ಮೇಲೆ ಬೀಳುತ್ತದೆ. ಊರಿನಲ್ಲಿ ಈ ಮಗು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದಳು. ಕೈ ಚಾಚಿದರೆ ಅಜ್ಜಿ ಎದ್ದು ಕರೆದೊಯ್ಯುತ್ತಿದ್ದರು. ಇಲ್ಲಿ ಏಳಬೇಕೆಂದು ಅವಳಿಗೆ ಗೊತ್ತಾಗುತ್ತದೆ, ಏಳಲು ಧೈರ್ಯ ಸಾಲುವುದಿಲ್ಲ.

ಮಾಡಿದ ಬದಲಾವಣೆ ಹೀಗೆ. ಪರದೆಯನ್ನು ಮೂರು ಕಡೆ ಸಿಕ್ಕಿಸಿ, ನಾಲ್ಕನೆಯ ಬದಿಯ ಅಂಚನ್ನು ನೆಲ ಮುಟ್ಟುವಷ್ಟು ಇಳಿಬಿಟ್ಟು, ಕತ್ತಲಲ್ಲಿ ಕೈಗೆ ಸಿಗುವಂತೆ ಎರಡು ಬಟ್ಟೆಕ್ಲಿಪ್ಪು ಹಾಕಿದರು. ದಿಂಬಿನ ಪಕ್ಕ, ಪರದೆಯ ಒಳಗೇ, ಒಂದು ಸಣ್ಣ ಚಾರ್ಜಿಂಗ್ ದೀಪ. ಕೋಣೆಯ ಮೂಲೆಯಲ್ಲಿ ಮುಚ್ಚಳದ ಬಕೆಟ್ಟು, ಪಕ್ಕದಲ್ಲಿ ಚಪ್ಪಲಿ. ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ತಂದರು; ಮೈ ಪರದೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಕಾವಲುಗಾರನ ಪರಿಚಯವನ್ನು ಹಗಲಿನಲ್ಲಿ ಮಾಡಿಸಿ, ಅವನ ಟಾರ್ಚನ್ನು ಮಗಳ ಕೈಗೇ ಕೊಟ್ಟು ಅಂಗಳ ಸುತ್ತಿಸಿದರು. ಬೈಗುಳ, ನಾಚಿಕೆ ಮಾಡಿಸುವುದು, ತಮ್ಮನ ಜೊತೆ ಹೋಲಿಸುವುದು ಪೂರ್ತಿ ಬಂದ್. ಒದ್ದೆಯಾದ ಬೆಳಿಗ್ಗೆ ಹಾಸಿಗೆ ಬಟ್ಟೆ ತೆಗೆದು ಬಕೆಟ್ಟಿಗೆ ಹಾಕುವುದಷ್ಟೇ ಅವಳ ಕೆಲಸ, ಅದೂ ಶಿಕ್ಷೆಯ ಧಾಟಿಯಲ್ಲಿ ಅಲ್ಲ.

ಇದೇ ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ವಾಸನೆಗೆ ಹೇಸಿ ತಾಯಿ ವಾರಕ್ಕೊಮ್ಮೆ ಪರದೆಯನ್ನೂ ಸೋಪಿನ ಪುಡಿಯಲ್ಲಿ ನೆನೆಸಿ, ಒಗೆದು, ಸುಡುಬಿಸಿಲಿಗೆ ಹಾಕುತ್ತಿದ್ದರು. ಔಷಧ ಕೂಡಿಸಿದ ಪರದೆಗಳು ಸುಮಾರು 20 ಒಗೆತದವರೆಗೆ ಶಕ್ತಿ ಉಳಿಸಿಕೊಳ್ಳುವಂತೆ ತಯಾರಾಗುತ್ತವೆ. ವಾರಕ್ಕೊಂದು ಒಗೆತವೆಂದರೆ ಮೂರು ವರ್ಷ ಬಾಳಬೇಕಾದ್ದು ಐದೇ ತಿಂಗಳಿಗೆ ಬರಿಯ ಬಲೆ. ಒಗೆಯಲೇಬೇಕಾದರೆ ಸೌಮ್ಯವಾದ ಸಾಬೂನು, ತಣ್ಣೀರು, ನೆರಳಿನಲ್ಲಿ ಒಣಗಿಸುವುದು. ಹಾಸಿಗೆಯ ಮೇಲೊಂದು ರಬ್ಬರ್ ಶೀಟು ಹಾಸಿ, ಪರದೆಯ ಅಂಚು ಹಾಸಿಗೆಯ ಕೆಳಗೇ ಇರುವಂತೆ ನೋಡಿಕೊಂಡರೆ ಅದು ಒದ್ದೆಯಾಗುವುದೇ ಇಲ್ಲ.

ಹಾಸಿಗೆಯ ಬಗ್ಗೆ ಕೊನೆಯದು, ಕಹಿಯಾದರೂ ಹೇಳಲೇಬೇಕಾದದ್ದು. ಮಿಷನರಿ ಮನೆ ಎಂದರೆ ಸಭೆಯವರಿಗೆಲ್ಲ ತೆರೆದ ಬಾಗಿಲು. ನಾಲ್ಕು ತಿಂಗಳಲ್ಲಿ ಹನ್ನೊಂದು ರಾತ್ರಿ ಅತಿಥಿಗಳು ತಂಗಿದ್ದರು. ಪ್ರತಿ ಸಲವೂ ಮಗಳ ಮಂಚ ಬಿಟ್ಟುಕೊಟ್ಟು ಅವಳನ್ನು ನಡುಮನೆಯ ಚಾಪೆಗೆ ಕಳಿಸಿದ್ದರು. ತಂದೆಗೆ ಇದು ಅತಿಥಿಸತ್ಕಾರ. ಮಗುವಿಗೆ, ಈ ದೇಶದಲ್ಲಿ ತನ್ನದೆನ್ನುವ ಒಂದೇ ಜಾಗವೂ ತನ್ನದಲ್ಲ ಎಂಬ ಪಾಠ. ಮಕ್ಕಳ ಕೋಣೆ ಯಾವ ಅತಿಥಿಗೂ ಇಲ್ಲ; ಅತಿಥಿ ಎಷ್ಟೇ ದೊಡ್ಡ ದೇವಸೇವಕರಾಗಿರಲಿ ಮಕ್ಕಳನ್ನು ಅವರೊಬ್ಬರ ಜೊತೆ ಬಿಡುವುದಿಲ್ಲ; ಮುಟ್ಟುವುದರ ಬಗ್ಗೆ ಮಕ್ಕಳಿಗೆ ಕನ್ನಡದಲ್ಲಿ ತಿಳಿಹೇಳಬೇಕು. ಈ ಮೂರರಲ್ಲಿ ರಿಯಾಯಿತಿ ಇಲ್ಲ ಎಂದೇ ಹೇಳಲಾಯಿತು. ತಂದೆ ಮೊದಲು ಮುಖ ಗಂಟಿಕ್ಕಿದರು, ಎರಡನೇ ಭೇಟಿಯ ಹೊತ್ತಿಗೆ ನಡುಮನೆಗೆ ಒಂದು ಮಡಚುವ ಮಂಚ ತಂದಿದ್ದರು.

ಮಗನ ತಟ್ಟೆಗೆ ಬರೋಣ. ಊರಿನಲ್ಲಿ ಅವನ ಬೆಳಗಿನ ಆಹಾರ ರಾಗಿ ಗಂಜಿ. ರಾಗಿ ಸಿಗದು ಎಂದುಕೊಂಡು ತಾಯಿ ಬ್ರೆಡ್ಡು, ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಎಂಬ ಮುದ್ದೆ ಎಲ್ಲ ಕೊಟ್ಟು ನೋಡಿ ಸೋತಿದ್ದರು. ನಿಜ ಏನೆಂದರೆ ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ; ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಧಾನ್ಯ ಅದು. ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ ಅದಕ್ಕೆ ವಿಂಬಿ ಎಂದು ಹೆಸರು, ಅದರ ಗಂಜಿಯೇ ಉಜಿ. ಅಂಗಡಿಯ ಪೊಟ್ಟಣದಲ್ಲಿ ಬಿಳಿಜೋಳ, ಮರಗೆಣಸಿನ ಹಿಟ್ಟು ಬೆರೆಸಿರುವುದರಿಂದ ರುಚಿ ಬೇರೆ. ಒಮ್ಮೆ ತಂದು ಮಗ ಉಗಿದ ಮೇಲೆ ತಾಯಿ ಮತ್ತೆ ತಂದಿರಲಿಲ್ಲ. ಸಂತೆಯಲ್ಲಿ ಕಾಳನ್ನೇ ಕೊಳ್ಳಬೇಕು. ಗೊರೊಗೊರೊ ಎಂಬ, ಸುಮಾರು 2 ಕೆ.ಜಿ. ಹಿಡಿಯುವ ಡಬ್ಬದಲ್ಲಿ ಅಳೆದುಕೊಡುತ್ತಾರೆ. ಕಲ್ಲು ಆರಿಸಿ, ತೊಳೆದು, ಒಣಗಿಸಿ ಪೋಷೋ ಮಿಲ್ಲಿಗೆ ಒಯ್ಯಬೇಕು. ಆ ಗಿರಣಿಯಲ್ಲಿ ದಿನವಿಡೀ ಮೆಕ್ಕೆಜೋಳ ಬೀಸುತ್ತಾರೆ, ಹಾಗಾಗಿ ಮೊದಲು ಬೀಳುವ ಅರ್ಧ ಕೆ.ಜಿ. ಹಿಟ್ಟನ್ನು ಬೇರೆ ಇಟ್ಟುಕೊಳ್ಳಬೇಕು. ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹೊಯ್ದು, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ತಿರುವುವುದು. ಆರಿದ ಮೇಲೆ ಮಜ್ಜಿಗೆಯ ಬದಲು ಮಾಲಾ, ಅಂದರೆ ಅಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಹುಳಿಹಾಲು, ಸ್ವಲ್ಪ ನೀರು ಬೆರೆಸಿ.

ಜೊತೆಗೆ ಚಹಾ ನಿಲ್ಲಬೇಕು. ಹಾಲಿನ ಚಹಾ ಹೊಟ್ಟೆ ತುಂಬಿಸಿ ಹಸಿವು ಕೊಲ್ಲುತ್ತದೆ, ಊಟದಲ್ಲಿನ ಕಬ್ಬಿಣದಂಶ ಮೈಗೆ ಹತ್ತಲು ಬಿಡುವುದಿಲ್ಲ. ಹಾಲು ದಿನಕ್ಕೆ ಎರಡು ಲೋಟ ಮೀರಬಾರದು. ಏನು, ಯಾವಾಗ ಎಂಬುದು ಅಮ್ಮನ ತೀರ್ಮಾನ. ಎಷ್ಟು ಎಂಬುದು ಮಗುವಿನದು. ತಟ್ಟೆ ಹಿಡಿದು ಹಿಂದೆ ಓಡಬಾರದು. ಇಪ್ಪತ್ತು ನಿಮಿಷ ಕಳೆದರೆ ತಟ್ಟೆ ಎತ್ತಿಬಿಡುವುದು, ಮುಂದಿನ ಹೊತ್ತಿನವರೆಗೆ ಬಿಸ್ಕತ್ತು ಇಲ್ಲ. ಹದಿನೈದು ದಿನಕ್ಕೊಮ್ಮೆ ತೂಕ. ತೂಕ ಇಳಿದರೆ ಈ ಉಪಾಯ ಬಿಟ್ಟು ವೈದ್ಯರ ಬಳಿಗೆ.

ಕಿರುಚಾಟಕ್ಕೆ ಕಾರಣ ಸರಳ. ತಾಯಿ ಸ್ವಾಹಿಲಿ ತರಗತಿಗೆ ಹೋಗುವಾಗ ಮಗು ಅಳದಿರಲೆಂದು ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ಒಮ್ಮೆ ಹಾಗೆ ಮಾಯವಾದ ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು, ಅಲ್ಲವೇ? ಅಜ್ಜಿಯೂ ಹೀಗೇ ಮಾಯವಾದವರು. ಒಂದು ವಾರ ತರಗತಿ ಬಿಡಿಸಿ, ಮನೆಗೆಲಸದಾಕೆ ಮತ್ತು ತಾಯಿ ಇಬ್ಬರೂ ಮಗುವಿನ ಜೊತೆ ಮೂರು ದಿನ, ಆಮೇಲೆ ತಾಯಿ ಹೇಳಿ ಹತ್ತು ನಿಮಿಷ ಅಂಗಳಕ್ಕೆ, ಆಮೇಲೆ ಅರ್ಧ ಗಂಟೆ ಅಂಗಡಿಗೆ, ಒಂದು ಗಂಟೆ, ನಂತರ ತರಗತಿ. ಪ್ರತಿ ಸಲ ಅದೇ ಒಂದು ವಾಕ್ಯ: "ಉಜಿ ಕುಡಿದು, ಆಟ ಆಡು, ಊಟದ ತಟ್ಟೆ ಹಾಕುವಾಗ ಅಮ್ಮ ಬರ್ತೀನಿ." ಗಂಟೆಯ ಲೆಕ್ಕ ಈ ವಯಸ್ಸಿಗೆ ತಿಳಿಯದು, ತಟ್ಟೆಯ ಲೆಕ್ಕ ತಿಳಿಯುತ್ತದೆ. ಮನೆಗೆಲಸದಾಕೆಗೆ ನೀರು, ಉಚ್ಚೆ, ನೋವು, ಅಮ್ಮ ಬರ್ತಾರೆ ಎಂಬ ನಾಲ್ಕು ಕನ್ನಡ ಮಾತು ಕಲಿಸಿಕೊಟ್ಟರು. ಅತ್ತು ನೀರು ಕೇಳಿದ ಮಗುವಿಗೆ ನೀರೇ ಸಿಗುವುದು ಎಷ್ಟು ದೊಡ್ಡ ಸಮಾಧಾನವೆಂದು ದೊಡ್ಡವರಿಗೆ ಮರೆತಿರುತ್ತದೆ.

ಶಾಲೆಯ ಮೌನದ ಬಗ್ಗೆ ಟೀಚರಿಗೆ ಆತಂಕವಿತ್ತು. ಮಗಳು ಮನೆಯಲ್ಲಿ ಕನ್ನಡದಲ್ಲಿ ಗಲಗಲ ಮಾತಾಡುತ್ತಾಳೆ, ಪಕ್ಕದ ಮನೆಯ ಮಕ್ಕಳ ಜೊತೆ ಮಾತಿಲ್ಲದೆ ನಕ್ಕು ಆಡುತ್ತಾಳೆ, ಹೇಳಿದ್ದನ್ನು ಮಾಡುತ್ತಾಳೆ. ಹೊಸ ಭಾಷೆಗೆ ಕಿವಿ ಹೊಂದುವ ತನಕ ಬಾಯಿ ಮುಚ್ಚಿರುವ ಈ ಘಟ್ಟ ಸಹಜವಾದದ್ದು. ಕೀನ್ಯಾದಲ್ಲಿ ಶಾಲೆಯ ವರ್ಷ ಜನವರಿಗೆ ಶುರು. ಇವಳು ಎರಡನೇ ಅವಧಿಯಲ್ಲಿ, ಹಿಂದೆಂದೂ ಕಿವಿಗೇ ಬೀಳದ ಸ್ವಾಹಿಲಿ ಪಾಠದ ನಡುವೆ ಹೋಗಿ ಕೂತವಳು. ಎಬ್ಬಿಸಿ ನಿಲ್ಲಿಸಿ ಉತ್ತರ ಕೇಳಬೇಡಿ, ಬೊಟ್ಟು ಮಾಡಿ ತೋರಿಸಿದರೂ ಸಾಕು, ಪುಸ್ತಕ ಹಂಚುವ ಕೆಲಸ ಕೊಡಿ ಎಂದು ಟೀಚರಿಗೆ ಚೀಟಿ ಹೋಯಿತು. ಮನೆಯಲ್ಲೂ ಕನ್ನಡದ ಮಾತು ಕಡಿಮೆಯಾದರೆ, ಅಥವಾ ಆರು ತಿಂಗಳಾದರೂ ಒಬ್ಬ ಗೆಳತಿಯ ಜೊತೆಗೂ ಒಂದು ಪದ ಆಡದಿದ್ದರೆ, ತಜ್ಞರನ್ನು ನೋಡಬೇಕು.

ಮನೆಯಲ್ಲಿ ಅವಳಿಗೊಂದು ಅಧಿಕಾರವೂ ಸಿಕ್ಕಿತು. ಅಲ್ಲಿನ ಕರೆಂಟು ಮುಂಗಡ ಹಣದ್ದು. ದುಡ್ಡು ಕಟ್ಟಿದರೆ ಫೋನಿಗೆ 20 ಅಂಕಿಗಳ ಟೋಕನ್ ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಆ ಅಂಕಿಗಳನ್ನು ಸ್ವಾಹಿಲಿಯಲ್ಲಿ ಓದಿ ಹೇಳುವುದು ಮಗಳು, ಒತ್ತುವುದು ಅಪ್ಪ. ಮೋಜ (ಒಂದು), ಎಂಬಿಲಿ (ಎರಡು) ಎಂದು ಅವಳು ಹೇಳಿ ಮುಗಿಸಿದರೆ ಮನೆಗೆ ಬೆಳಕು.

ಅಜ್ಜಿಯ ಫೋನು ನಿತ್ಯ ರಾತ್ರಿ, ಮಲಗುವ ಮುಂಚೆ ಬರುತ್ತಿತ್ತು. "ಯಾವಾಗ ಬರ್ತೀಯ ಪುಟ್ಟಿ?" ಎಂದು ಅಜ್ಜಿ ಕೇಳುವುದು, ಇಬ್ಬರೂ ಅಳುವುದು, ಆಮೇಲೆ ಮಗು ಪರದೆಯೊಳಗೆ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಕರೆಯನ್ನು ಅಲ್ಲಿನ ಸಂಜೆ ನಾಲ್ಕೂವರೆಗೆ, ಊರಿನ ಏಳಕ್ಕೆ ಬದಲಿಸಿ, ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಎಂದು ಗೊತ್ತುಮಾಡಲಾಯಿತು. ಅಜ್ಜಿಯ ಜೊತೆಗೂ ಒಮ್ಮೆ ಮಾತಾಡಿದೆವು. ಪ್ರಶ್ನೆ ಬಿಟ್ಟು ಕೆಲಸ ತೋರಿಸಿ ಎಂದೆವು: ಅವರೆಕಾಯಿ ಬಿಡಿಸುತ್ತಾ, ಬತ್ತಿ ಹೊಸೆಯುತ್ತಾ, ಅರ್ಧ ಕಥೆ ಹೇಳಿ ಉಳಿದದ್ದು ಮುಂದಿನ ಸಲಕ್ಕೆ.

ಇಷ್ಟಾದ ಮೇಲೆಯೇ ದುಃಖದ ಮಾತು. ನಸುಕಿನ ಮೂರಕ್ಕೆ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ವಿಮಾನ ಹತ್ತಿಸಿದ್ದರು; ಮಗಳ ಬೆಕ್ಕನ್ನು ಅವಳಿಗೆ ತಿಳಿಸದೆ ನೆಂಟರಿಗೆ ಕೊಟ್ಟಿದ್ದರು. ಹೀಗೆ ಅಪ್ಪ ಅಮ್ಮನ ನಾಡು ಬಿಟ್ಟು ಬೇರೆ ದೇಶದಲ್ಲಿ ಬೆಳೆಯುವ ಮಕ್ಕಳಿಗೆ "ಮೂರನೇ ಸಂಸ್ಕೃತಿಯ ಮಕ್ಕಳು" ಎಂಬ ಹೆಸರು ಹುಟ್ಟಿದ್ದು 1950ರ ದಶಕದಲ್ಲಿ, ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯುಸೀಮ್ ಅಭ್ಯಾಸ ಮಾಡಿದಾಗ. ಹೊರಡುವ ಮುನ್ನ ಮಾಡಬೇಕಾದ್ದಕ್ಕೆ, ಇಂಥ ಮಕ್ಕಳ ಬಗ್ಗೆ ಬರೆದ ಡೇವಿಡ್ ಪೊಲಾಕ್ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಮನಸ್ತಾಪ ಸರಿಮಾಡಿಕೊಳ್ಳುವುದು, ಋಣ ನೆನೆದು ಹೇಳುವುದು, ಜನ, ಜಾಗ, ಪ್ರಾಣಿ, ವಸ್ತುಗಳನ್ನು ಬೀಳ್ಕೊಳ್ಳುವುದು, ಹೋಗುವ ಊರನ್ನು ಕಣ್ಣಮುಂದೆ ತಂದುಕೊಳ್ಳುವುದು. ತಡವಾದರೂ ಮಾಡಬಹುದು. ಚಿಕ್ಕಪ್ಪ ಫೋನು ಹಿಡಿದು ಬಾವಿಕಟ್ಟೆ, ಶಾಲೆ, ಬೆಕ್ಕು ಎಲ್ಲವನ್ನೂ ತೋರಿಸಿದರು. ಮಗಳು ಒಂದೊಂದಕ್ಕೂ ಹೋಗಿಬರುತ್ತೇನೆ ಎಂದಳು. ಬೆಕ್ಕಿನ ವಿಷಯಕ್ಕೆ ತಂದೆ ತಾವೇ ಕ್ಷಮೆ ಕೇಳಿದರು.

ಮಕ್ಕಳು ಅತ್ತಾಗ ಈ ಮನೆಯಲ್ಲಿ ಬರುತ್ತಿದ್ದ ಉತ್ತರ, "ದೇವರು ಕರೆದ ಜಾಗ ಇದು, ಅಳಬಾರದು." ಅಳುವುದೇ ದೇವರಿಗೆ ಬೇಡವಾದದ್ದು ಎಂದು ಮಗು ಅರ್ಥಮಾಡಿಕೊಂಡರೆ ದುಃಖ ಒಳಗಿಳಿದು ರಾತ್ರಿ ಹೊರಬರುತ್ತದೆ. ಬೈಬಲಿನ ಕೀರ್ತನೆಗಳಲ್ಲೇ ಎಷ್ಟು ಗೋಳಿದೆ ಎಂದು ನೆನಪಿಸಿದಾಗ ತಂದೆ ಸುಮ್ಮನಾದರು. ಸ್ವಾಹಿಲಿಯಲ್ಲಿ "ಪೋಲೆ" ಎಂಬ ಮಾತಿದೆ. ಮಗು ಎಡವಿದರೆ ದಾರಿಹೋಕರೆಲ್ಲ ಪೋಲೆ ಎನ್ನುತ್ತಾರೆ. ಅವರು ತಪ್ಪೊಪ್ಪಿಕೊಳ್ಳುತ್ತಿಲ್ಲ, ನಿನ್ನ ನೋವು ಕಂಡೆ ಎನ್ನುತ್ತಿದ್ದಾರೆ, ನಮ್ಮ "ಅಯ್ಯೋ ಪಾಪ" ಇದ್ದ ಹಾಗೆ. ಮಗಳು ಊರು ನೆನೆದಾಗ ಮೊದಲು ಪೋಲೆ, ಮಡಿಲು, ಮೌನ. ಪ್ರಾರ್ಥನೆ ಅವಳು ಕೇಳಿದರೆ ಮಾತ್ರ ಎಂದು ಒಪ್ಪಂದವಾಯಿತು.

ಹನ್ನೊಂದು ವಾರ, ಆರು ಭೇಟಿ. ಕೊನೆಯ ಎರಡು ವಾರಗಳಲ್ಲಿ ಹಾಸಿಗೆ ಒದ್ದೆಯಾದದ್ದು ಎರಡೇ ರಾತ್ರಿ. ಮಗ ಬೆಳಿಗ್ಗೆ ಗಂಜಿ ಕುಡಿಯುತ್ತಾನೆ, ಮಧ್ಯಾಹ್ನದ ಊಟ ಇನ್ನೂ ಅರೆಬರೆ. ಶಾಲೆಯಲ್ಲಿ ಮಗಳು ಪಕ್ಕದ ಹುಡುಗಿಯ ಜೊತೆ ಪಿಸುಗುಡುತ್ತಾಳೆ, ಟೀಚರ ಜೊತೆ ಇನ್ನೂ ಇಲ್ಲ. ವಾಪಸ್ ಬರುವ ಪ್ರಶ್ನೆಯನ್ನು ಡಿಸೆಂಬರ್ ರಜೆಗೆ ಇಟ್ಟಿದೆ: ಅಷ್ಟರಲ್ಲಿ ಮಗನ ತೂಕ, ಮಗಳ ನಿದ್ದೆ ಮತ್ತು ಶಾಲೆಯ ಮಾತು ಎಲ್ಲಿಗೆ ಬಂದಿವೆ ಎಂದು ಬರೆದಿಟ್ಟ ಹಾಳೆ ನೋಡಿ ತೀರ್ಮಾನ. ಅಲ್ಲಿಯವರೆಗೆ ಮಕ್ಕಳ ಕಿವಿಗೆ ಬೀಳುವಂತೆ ಆ ಮಾತು ಎತ್ತುವುದಿಲ್ಲವೆಂದು ಇಬ್ಬರೂ ಒಪ್ಪಿದ್ದಾರೆ.