ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಡಬ್ಬಿ ಬಿಚ್ಚಿ ನೋಡಿ

ಪ್ರಶ್ನೆ: ನಾನು ಕಟಪಾಡಿಯವನು, ಬಿಕಾಂ ಕೊನೆಯ ವರ್ಷ. 2021ರಲ್ಲಿ ಅಪ್ಪ ಒಂದು ಬ್ರಾಂಡೆಡ್ ಗೇಮಿಂಗ್ ಕಂಪ್ಯೂಟರ್ ತೆಗೆದುಕೊಟ್ಟಿದ್ದರು. ಕೋರ್ ಐ5-10400ಎಫ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ವ್ಯಾಲೊರಂಟ್ ಗೇಮ್ ಪರವಾಗಿಲ್ಲ, ಆದರೆ ಆಗಾಗ ಜರ್ಕ್ ಹೊಡೆಯುತ್ತದೆ. ದೊಡ್ಡ ಗೇಮ್‌ಗಳು ಓಪನ್ ಆಗುವುದರೊಳಗೆ ಊಟ ಮುಗಿಸಿ ಬರಬಹುದು. ಟ್ಯೂಷನ್ ಹೇಳಿ 18,000 ರೂಪಾಯಿ ಕೂಡಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್ ಹಾಕಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಹಾಕಿಸಲಾ?

ಉತ್ತರ: ಬೇಡ. ಆ ಕಾರ್ಡ್ ಕೆಟ್ಟದ್ದು ಅಂತಲ್ಲ, ನಿಮ್ಮ ಡಬ್ಬಿಗೆ ಅದು ಹೊಂದುವುದಿಲ್ಲ.

ಹೀಗೆ ಜೋಡಿಸಿಯೇ ಮಾರುವ ಕಂಪ್ಯೂಟರ್‌ಗಳದ್ದು ಒಂದು ಚಾಳಿ ಉಂಟು. ಸ್ಟಿಕ್ಕರ್ ಮೇಲೆ ಕಾಣುವ ಪ್ರೊಸೆಸರ್, ಕಾರ್ಡ್ ಎಲ್ಲ ಚೆನ್ನಾಗಿಯೇ ಇರುತ್ತವೆ. ಕಾಣದ ಜಾಗದಲ್ಲಿ ದುಡ್ಡು ಉಳಿಸಿರುತ್ತಾರೆ. ಪವರ್ ಸಪ್ಲೈ ಸಣ್ಣದು, ರ‍್ಯಾಮ್‌ನ ಒಂದು ಸ್ಲಾಟ್ ಖಾಲಿ, ಡಿಸ್ಕ್ ಹಳೇ ಕಾಲದ್ದು. ನಿಮ್ಮ ಪ್ರೊಸೆಸರ್‌ಗೆ 6 ಕೋರ್, 12 ಥ್ರೆಡ್ ಇವೆ, ಅಂದರೆ ಒಟ್ಟಿಗೆ 12 ಕೆಲಸ ಹಿಡಿಯಬಲ್ಲದು. ಅದನ್ನು ಮುಟ್ಟುವುದೇ ಬೇಡ.

ಸೈಡ್ ಪ್ಯಾನಲ್ ಬಿಚ್ಚಿ ಪವರ್ ಸಪ್ಲೈ ಮೇಲಿನ ಲೇಬಲ್ ಓದಿ. ಇಂಥ ಡಬ್ಬಿಗಳಲ್ಲಿ 300 ವ್ಯಾಟ್ ಆಸುಪಾಸಿನವು ಜಾಸ್ತಿ. ಜಿಟಿಎಕ್ಸ್ 1650 ಸುಮಾರು 75 ವ್ಯಾಟ್ ಎಳೆಯುತ್ತದೆ. ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತದೆ. ಆರ್‌ಎಕ್ಸ್ 580 ಎಳೆಯುವುದು 185 ವ್ಯಾಟ್. ಅದಕ್ಕೆ ಪವರ್ ಸಪ್ಲೈಯಿಂದ ಬೇರೆಯೇ 8 ಪಿನ್ ವೈರ್ ಬೇಕು. ನಿಮ್ಮದರಲ್ಲಿ ಆ ವೈರ್ ಇಲ್ಲದಿದ್ದರೆ ಅಂಗಡಿಯಲ್ಲಿ ಒಂದು ಅಡಾಪ್ಟರ್ ಕೊಡುತ್ತಾರೆ, ಡಿಸ್ಕಿಗೆ ಹೋಗುವ ಸಾಟಾ ವೈರಿಗೆ ಸಿಕ್ಕಿಸಿ 8 ಪಿನ್ ಮಾಡುವಂಥದ್ದು. ಅದೊಂದು ಕೆಲಸ ಮಾತ್ರ ಮಾಡಬೇಡಿ ಮಾರಾಯ್ರೇ. ಸಾಟಾ ಕನೆಕ್ಟರ್ ತಡೆಯುವುದು 54 ವ್ಯಾಟ್. 8 ಪಿನ್ನಿನಿಂದ ಕಾರ್ಡ್ 150 ವ್ಯಾಟ್‌ವರೆಗೂ ಕೇಳಬಹುದು. ನನ್ನ ಅಕ್ಕನ ಮಗ ಹೀಗೆ ಹಾಕಿಸಿಕೊಂಡು ಬಂದಿದ್ದ. ಮೂರನೇ ದಿನ ಸಂಜೆ ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಅಕ್ಕ ಗ್ಯಾಸ್ ಸ್ಟವ್ ನೋಡಲು ಓಡಿದ್ದಳು!

ಇನ್ನೊಂದು ಮಾತು. 2017ರ ಆ ಕಾರ್ಡನ್ನು ಕ್ರಿಪ್ಟೊ ಮೈನಿಂಗಿಗೆ ಹಗಲು ರಾತ್ರಿ ಓಡಿಸಿದವರು ಬಹಳ ಜನ. ನಿಮ್ಮ ಕೈಗೆ ಬರುವುದು ಯಾವುದು ಅಂತ ಹೊರಗಿನಿಂದ ನೋಡಿ ಹೇಳಲಾಗದು.

ಪವರ್ ಸಪ್ಲೈಯನ್ನೇ ಬದಲಿಸಬಹುದಲ್ವಾ? ಬದಲಿಸಬಹುದು, ಆದರೆ ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರ್ ಎಣಿಸಿ ನೋಡಿ. 24 ಪಿನ್ ಇದ್ದರೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಅಳತೆಯ (ಎಟಿಎಕ್ಸ್) ಪವರ್ ಸಪ್ಲೈ ಹೊಂದಬಹುದು, ಕೂರಿಸುವ ಜಾಗದ ಅಳತೆಯನ್ನೂ ನೋಡಿಕೊಳ್ಳಿ. ಕೆಲವು ಬ್ರಾಂಡ್‌ಗಳು ತಮ್ಮದೇ ಬೇರೆ ಕನೆಕ್ಟರ್ ಇಟ್ಟಿರುತ್ತವೆ. ಆಗ ಬೋರ್ಡೂ ಬದಲು, ಕೇಸೂ ಬದಲು ಅಂತ ಬಾಲ ಬೆಳೆಯುತ್ತದೆ. 18,000ಕ್ಕೆ ಅದು ಮುಗಿಯುವ ಕಥೆಯಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಎರಡು ಸ್ಲಾಟಿನಲ್ಲಿ ಒಂದೇ ತುಂಬಿದೆ ಅಂತ ಅಲ್ಲಿ ಬರೆದಿದ್ದರೆ ಕಳ್ಳ ಸಿಕ್ಕ ಹಾಗೆಯೇ. ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಸೇರಿಯೇ 8 ಜಿಬಿಯಲ್ಲಿ ಅರ್ಧದಷ್ಟು ನುಂಗುತ್ತವೆ. ಗೇಮಿಗೆ ಜಾಗ ಸಾಲದೆ ಹೋದಾಗ ವಿಂಡೋಸ್ ಹಾರ್ಡ್ ಡಿಸ್ಕಿಗೆ ಬರೆಯುತ್ತದೆ, ಅಲ್ಲಿಂದ ಓದುತ್ತದೆ. ನಿಮಗೆ ಜರ್ಕ್ ಕಾಣುವುದು ಬಹುಶಃ ಆ ಹೊತ್ತಿಗೇ.

ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್ ಹಾಕಿ. ಜಾಗ 16 ಆಗುವುದು ಒಂದು ಲಾಭ. ಅದಕ್ಕಿಂತ ಹೆಚ್ಚಿನ ಲಾಭ ಬೇರೆ ಉಂಟು. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಒಂದೇ ದಾರಿ, ಸೆಕೆಂಡಿಗೆ ಸುಮಾರು 21 ಜಿಬಿ. ಎರಡಾದರೆ 42. ವ್ಯಾಲೊರಂಟ್‌ನಂಥ ಗೇಮ್ ಕಾರ್ಡ್‌ಗಿಂತ ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿರುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 3200 ವೇಗದ ಸ್ಟಿಕ್ ಕೊಟ್ಟರೂ ನಿಮ್ಮಲ್ಲಿ 2666 ವೇಗದಲ್ಲೇ ಓಡುತ್ತದೆ, ಸುಮ್ನೆ ಜಾಸ್ತಿ ಕೊಡಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬೇರೆ ಏರಿದೆ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ರ‍್ಯಾಮ್ ಅಷ್ಟು ಸುಲಭವಾಗಿ ಸವೆಯುವ ವಸ್ತುವಲ್ಲ. ಮಣಿಪಾಲ, ಸುರತ್ಕಲ್ ಕಡೆ ಕೋರ್ಸ್ ಮುಗಿಸಿ ಊರಿಗೆ ಹೊರಡುವ ಹುಡುಗರ ಹತ್ತಿರ ಕೇಳಿ ನೋಡಿ.

ಆಮೇಲೆ 500 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ, ಬರೀ ಚಿಪ್‌ನ ಡಿಸ್ಕ್. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಎಂಬಿ ಓದಿದರೆ ದೊಡ್ಡದು. ಸಾಧಾರಣ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ, ಎನ್‌ವಿಎಂಇ ಅನ್ನುವ ಬಗೆಯದ್ದು ಇನ್ನೂ ಎಷ್ಟೋ ಮುಂದೆ. ಬೋರ್ಡಿನಲ್ಲಿ ಅದನ್ನು ಸಿಕ್ಕಿಸುವ ಎಂ.2 ಸ್ಲಾಟ್ ಇದ್ದರೆ ಎನ್‌ವಿಎಂಇ ತೆಗೆದುಕೊಳ್ಳಿ, ಅದನ್ನು ಹಿಡಿಯುವ ಪುಟ್ಟ ಸ್ಕ್ರೂ ಇದೆಯಾ ಅಂತಲೂ ನೋಡಿ. ವಿಂಡೋಸ್ 11 ಅನ್ನು ಅದಕ್ಕೇ ಹೊಸದಾಗಿ ಹಾಕಿ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆಯಲ್ಲಿ, ಟಿಪಿಎಂ, ಸೆಕ್ಯೂರ್ ಬೂಟ್ ಅನ್ನುವ ಎರಡೂ ಭದ್ರತಾ ಸೆಟ್ಟಿಂಗ್ ಆನ್ ಇರಲಿ, ಇಲ್ಲದಿದ್ದರೆ 11ರಲ್ಲಿ ವ್ಯಾಲೊರಂಟ್ ತೆರೆಯುವುದಿಲ್ಲ. ಹಳೇ ಡಿಸ್ಕ್ ಫೋಟೊ, ಸಿನಿಮಾಕ್ಕೆ ಇರಲಿ.

ಇಷ್ಟಾದ ಮೇಲೆ ಒಂದು ತಿಂಗಳು ಆಡಿ. ಆಗಲೂ ಸಾಲದು ಅನಿಸಿದರೆ ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ 6 ಜಿಬಿಯ ಆರ್‌ಟಿಎಕ್ಸ್ 3050 ನೋಡಬಹುದು. 2024ರಲ್ಲಿ ಬಂದದ್ದು, 70 ವ್ಯಾಟ್, ಹೆಚ್ಚಿನ ಮಾದರಿಗಳಿಗೆ ಬೇರೆ ವೈರ್ ಬೇಡ. ಆದರೆ 3050 ಅನ್ನುವ ಹೆಸರಿನಲ್ಲೇ 8 ಜಿಬಿಯದ್ದೊಂದು ಉಂಟು. ಅದು 2022ರದ್ದು, 130 ವ್ಯಾಟ್. ಬಿಲ್ಲಿನಲ್ಲಿ 6 ಜಿಬಿ ಅಂತ ಬರೆಸಿಕೊಳ್ಳಿ. ಹೊಸದು ಬರುವ ಮೊದಲೇ 1650 ಮಾರಿಬಿಡಬೇಡಿ. ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದೆಯಲ್ವಾ, ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ತೆಗೆದರೆ ಪರದೆ ಪೂರ್ತಿ ಕಪ್ಪು.

ಹೇಗೂ ಬಿಚ್ಚಿದ್ದೀರಿ, ಫ್ಯಾನಿನ ಕೆಂಪು ಧೂಳನ್ನೂ ಬ್ರಶ್ಶಿನಲ್ಲಿ ತೆಗೆದುಬಿಡಿ. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಐದು ವರ್ಷಕ್ಕೆ ಒಣಗಿರುತ್ತದೆ, ಅದನ್ನು ಬದಲಿಸಲು ಖರ್ಚು ತೀರಾ ಕಡಿಮೆ. ಮಟ್ಟು ಕಡೆ ಸಮುದ್ರಕ್ಕೆ ಹತ್ತಿರದ ಮನೆಯಾದರೆ ಉಪ್ಪುಗಾಳಿ ಕಿಟಕಿಯ ಸರಳನ್ನು ಏನು ಮಾಡುತ್ತದೆ ಅಂತ ನಿಮಗೇ ಗೊತ್ತು. ಡಬ್ಬಿಯನ್ನು ಕಿಟಕಿಯಿಂದ ದೂರ, ನೆಲದಿಂದ ಮೇಲೆ ಇಡಿ. ಮಳೆಗಾಲದಲ್ಲಿ ಪರೀಕ್ಷೆ ಅಂತ ಮುಚ್ಚಿಟ್ಟರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ತೇವ ಆರುತ್ತದೆ. ಡಬ್ಬಿ ಮುಟ್ಟಿದಾಗ ಬೆರಳು ಜುಂ ಅಂದರೆ ಮನೆಯ ಅರ್ಥಿಂಗ್ ತೋರಿಸಿ. ಬೇಸಿಗೆಯಲ್ಲಿ ಕೆಂಪುಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕುವ ಅಭ್ಯಾಸ ನಿಮ್ಮ ಅಜ್ಜನ ಕಾಲದಲ್ಲಿ ಇದ್ದೀತು, ಕೇಳಿ ನೋಡಿ. ಮಾರ್ಚ್ ನಂತರ ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕೀಳಿ. ಹೆಚ್ಚಿನವರು ಮರೆಯುವುದು ಅದನ್ನೇ.