ಕೊರೊನಾ ನೆಗೆಟಿವ್ ಬಂದ ಮೇಲೂ ಅಪ್ಪ ಏಕೆ ಉಳಿಯಲಿಲ್ಲ?

ಆರೋಗ್ಯ ಪ್ರಶ್ನೋತ್ತರ
ಉತ್ತರಿಸುವವರು: ಕುಮಟಾದ ನಿವೃತ್ತ ಐಸಿಯು ಸಿಸ್ಟರ್

ಪ್ರಶ್ನೆ: 2021ರ ಮೇ ತಿಂಗಳಲ್ಲಿ ನಮ್ಮ ತಂದೆಯವರಿಗೆ ಕೊರೊನಾ ಬಂದು ಉಸಿರಾಟ ಕಷ್ಟವಾಯಿತು. ಸಕ್ಕರೆ ಕಾಯಿಲೆಯೂ ಇತ್ತು. ಇಲ್ಲಿ ಹಾಸಿಗೆ ಸಿಗದೆ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ವೆಂಟಿಲೇಟರ್ ಹಾಕಿದರು. ಎರಡು ವಾರದ ಮೇಲೆ ಕೊರೊನಾ ನೆಗೆಟಿವ್ ಬಂದಾಗ ದೇವರಿಗೆ ಕಾಯಿ ಒಡೆಸಿದೆವು. ನಾಲ್ಕೇ ದಿನದಲ್ಲಿ ತೀರಿಕೊಂಡರು. ಕಾಗದದಲ್ಲಿ ‘ಕ್ಲೆಬ್ಸಿಯೆಲ್ಲಾ, ಸೆಪ್ಸಿಸ್’ ಎಂದು ಬರೆದಿದೆ. ಅದು ಆಸ್ಪತ್ರೆಯಲ್ಲೇ ಹತ್ತಿದ ಸೋಂಕು ಎಂದು ಸಂಬಂಧಿಕರೊಬ್ಬರು ಈಗ ಹೇಳುತ್ತಿದ್ದಾರೆ. ಸೇರಿಸೋಣ ಎಂದು ಹಟ ಹಿಡಿದವಳು ಮಗಳಾದ ನಾನೇ. ಅದು ತಪ್ಪಾಯಿತೇ ಸಿಸ್ಟರ್?
– ಹೆಸರು ಬೇಡ, ಅಂಕೋಲಾ

ಉತ್ತರ: ತಂಗಿ, ಸೇರಿಸಿದ್ದು ತಪ್ಪಲ್ಲ. ಆದರೆ ನಿಮ್ಮ ಸಂಬಂಧಿಕರ ಮಾತೂ ಸುಳ್ಳಿರಲಿಕ್ಕಿಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಕಾಗದದಲ್ಲಿದ್ದ ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವುದು. ಕ್ಲೆಬ್ಸಿಯೆಲ್ಲಾ ಎಲ್ಲಿಂದಲೋ ಬಂದ ಭೂತವಲ್ಲ. ನಮ್ಮ ನಿಮ್ಮ ಕರುಳಿನಲ್ಲೂ ತೊಂದರೆ ಕೊಡದೆ ಬದುಕುವ ಬ್ಯಾಕ್ಟೀರಿಯಾ ಅದು. ಆದರೆ ಐಸಿಯುವಿನಲ್ಲಿ ಅದಕ್ಕೆ ದಾರಿಗಳು ತೆರೆದುಕೊಳ್ಳುತ್ತವೆ. ಗಂಟಲಿನೊಳಗೆ ವೆಂಟಿಲೇಟರ್ ನಳಿಕೆ ಇದ್ದವರಿಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಬಾಯಿಯ ಜೊಲ್ಲು ನಳಿಕೆಯ ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳಕ್ಕೆ ಒಂದು ಲೈನ್, ಮೂತ್ರಕ್ಕೆ ಒಂದು ಕ್ಯಾತಿಟರ್. ಈ ಪ್ಲಾಸ್ಟಿಕ್ ಕೊಳವೆಗಳ ಒಳಮೈಗೆ ಬ್ಯಾಕ್ಟೀರಿಯಾ ಲೋಳೆಯಂತೆ ಅಂಟಿಕೊಂಡರೆ ಔಷಧಿಯೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆದರೆ ಇವು ಯಾವುದೂ ಇಲ್ಲದಿದ್ದರೆ ನಿಮ್ಮ ತಂದೆಯವರು ಆ ಎರಡು ವಾರ ಕಳೆಯುವುದೇ ಕಷ್ಟವಿತ್ತು.

ಸ್ಟೆರಾಯ್ಡ್ ಕಥೆಯೂ ಹೀಗೆಯೇ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ವೆಂಟಿಲೇಟರ್‌ನಲ್ಲಿದ್ದ ಕೊರೊನಾ ರೋಗಿಗಳ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ ಎಂಬುದು 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗದಿಂದ ತಿಳಿಯಿತು. ಅದೇ ಔಷಧಿ ಸಕ್ಕರೆ ಏರಿಸುತ್ತದೆ, ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಮೊದಲೇ ಮಧುಮೇಹ ಇದ್ದವರಲ್ಲಿ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು?

ಇನ್ನು ನಮ್ಮ ಕೈಗಳ ಮಾತು. ಪಿಪಿಇ ಎಂಬ ರಕ್ಷಣಾ ಉಡುಪು ತೊಟ್ಟು ಒಳಗೆ ಹೋದರೆ ಪಾಳಿ ಮುಗಿಯುವ ತನಕ ನೀರಿಲ್ಲ, ಶೌಚವಿಲ್ಲ, ಕನ್ನಡಕದ ತುಂಬ ಹಬೆ. ಮೈತುಂಬ ಮುಚ್ಚಿದೆ, ಎರಡು ಜೊತೆ ಕೈಗವಸಿದೆ ಎಂಬ ಧೈರ್ಯ ಬೇರೆ. ಆ ಕೈಗವಸು ಸಿಸ್ಟರನ್ನು ರೋಗಿಯಿಂದ ಕಾಪಾಡಿತು, ನಿಜ. ಒಂದನೇ ಹಾಸಿಗೆಯ ಕಫ ತೆಗೆದು ಅದೇ ಕೈಗವಸಿನಲ್ಲಿ ಎರಡನೇ ಹಾಸಿಗೆಯ ಲೈನ್ ಮುಟ್ಟಿದರೆ ಎರಡನೆಯವರನ್ನು ಕಾಪಾಡುವವರು ಯಾರು? ಐಸಿಯುವಿನಲ್ಲಿ ಒಬ್ಬ ಸಿಸ್ಟರ್‌ಗೆ ಒಬ್ಬರೋ ಇಬ್ಬರೋ ರೋಗಿಗಳಿರಬೇಕು. ಎರಡನೇ ಅಲೆಯಲ್ಲಿ ಆ ಲೆಕ್ಕ ಎಲ್ಲಿ ಉಳಿಯಿತು? ಐಸಿಯು ಕೆಲಸವನ್ನೇ ಕಂಡಿರದ ಹುಡುಗಿಯರನ್ನು ನೇರ ವೆಂಟಿಲೇಟರ್ ಪಕ್ಕ ನಿಲ್ಲಿಸಿದರು. ಉಸಿರಾಟಕ್ಕೆ ಅನುಕೂಲವಾಗಲೆಂದು ರೋಗಿಯನ್ನು ಕಡಿಮೆ ಜನ ಸೇರಿ ಬೋರಲು ಮಲಗಿಸುವಾಗ ಕೊಳವೆಗಳು ಜಗ್ಗುತ್ತವೆ. ಬಾಯಿ ಸ್ವಚ್ಛ ಮಾಡುವಂಥ ಕೆಲಸ ಹಿಂದೆ ಬೀಳುತ್ತದೆ. ಆ ಹುಡುಗಿಯರನ್ನು ನಾನು ದೂರುವುದಿಲ್ಲ. ವರ್ಷಗಟ್ಟಲೆ ಹುದ್ದೆ ತುಂಬದೆ ಕುಳಿತವರನ್ನು ದೂರುತ್ತೇನೆ.

ಇದು ನಿಮ್ಮ ಮನೆಯದೊಂದೇ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹತ್ತು ಆಸ್ಪತ್ರೆಗಳ 17,534 ಕೊರೊನಾ ರೋಗಿಗಳ ದಾಖಲೆ ನೋಡಿದರು. ಹೀಗೆ ಎರಡನೇ ಸೋಂಕು ತಗುಲಿದವರು ಶೇ. 3.6 ಮಾತ್ರ. ಆದರೆ ಒಟ್ಟು ರೋಗಿಗಳಲ್ಲಿ ಸಾವು ಶೇ. 10.6 ಇದ್ದರೆ, ಈ ಸೋಂಕು ತಗುಲಿದವರಲ್ಲಿ ಶೇ. 56.7. ಹೆಚ್ಚು ಸಿಕ್ಕಿದ್ದು ಇದೇ ಕ್ಲೆಬ್ಸಿಯೆಲ್ಲಾ, ಅದರ ಹಿಂದೆ ಅಸಿನೆಟೋಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಎರಡೂ ನಮ್ಮ ಐಸಿಯುಗಳಲ್ಲಿ ಮೆರೊಪೆನೆಮ್‌ನಂಥ ದುಬಾರಿ ಆಂಟಿಬಯಾಟಿಕ್‌ಗೂ ಜಗ್ಗದಷ್ಟು ಗಟ್ಟಿಯಾಗಿವೆ. ಅದೂ ಸೋತರೆ ಕೊಲಿಸ್ಟಿನ್. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧಿ. ಕೊರೊನಾ ವರದಿ ನೆಗೆಟಿವ್ ಎಂದರೆ ವೈರಸ್ ಸಿಗಲಿಲ್ಲ ಎಂದಷ್ಟೇ ಅರ್ಥ, ಅದು ಹಾಳು ಮಾಡಿದ ಶ್ವಾಸಕೋಶ ಸರಿಹೋಯಿತೆಂದಲ್ಲ. ನೀವು ಕಾಯಿ ಒಡೆಸಿದ್ದರಲ್ಲಿ ತಪ್ಪೇನಿಲ್ಲ. ಆ ವರದಿಯನ್ನು ಕೈಗಿತ್ತವರು ಇದನ್ನೂ ಹೇಳಬೇಕಿತ್ತು.

ಆಸ್ಪತ್ರೆ ಕಡೆಯಿಂದ ಏನು ನಡೆಯಿತೆಂದು ತಿಳಿಯುವ ಆಸೆ ಇದ್ದರೆ ದಾಖಲೆಗಳ ಪ್ರತಿ ಕೇಳಿ. ಕೊಡಬೇಕಾದದ್ದು ಅವರ ಕರ್ತವ್ಯ. ಯಾವ ಬ್ಯಾಕ್ಟೀರಿಯಾ ಇದೆ ಎಂದು ತೋರಿಸುವ ಕಲ್ಚರ್ ವರದಿ ಯಾವ ದಿನದ್ದು, ಯಾವ ಆಂಟಿಬಯಾಟಿಕ್ ಯಾವಾಗ ಶುರುವಾಯಿತು ಎಂಬುದನ್ನು ಒಬ್ಬ ವೈದ್ಯರ ಜೊತೆ ಕುಳಿತು ಓದಿ. ಊರವರ ಬಾಯಲ್ಲಿ ಬೇಡ.

ಪ್ರಶ್ನೆ: ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆ ಇದೆ. ಆಸ್ಪತ್ರೆಯ ಸೋಂಕು ತಗುಲದಂತೆ ಮನೆಯವರು ಏನು ಮಾಡಬಹುದು?
– ಓದುಗರು, ಶಿರಸಿ

ಉತ್ತರ: ಮೊದಲು ನಿಮ್ಮ ಕೈ ತೊಳೆಯಿರಿ, ಆಮೇಲೆ ಡಾಕ್ಟರರ ಕೈ ನೋಡಿ. ‘ಸ್ಯಾನಿಟೈಸರ್ ಹಾಕಿಕೊಂಡಿರಾ ಸರ್?’ ಎಂದು ನಗುತ್ತಲೇ ಕೇಳಿ. ಹೆರಿಗೆ ವಾರ್ಡಿಗೆ ಹೋಗುವ ಮುನ್ನ ಕೈ ತೊಳೆಯಿರಿ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಹೇಳಿದ್ದು 1847ರಲ್ಲಿ. ಆಗಲೂ ದೊಡ್ಡ ಡಾಕ್ಟರರಿಗೆ ಸಿಟ್ಟು ಬಂದಿತ್ತು. ಮೂತ್ರದ ಕ್ಯಾತಿಟರ್ ಇನ್ನೂ ಬೇಕೇ ಎಂದು ದಿನವೂ ವಿಚಾರಿಸಿ. ಮರೆತುಹೋಗಿ ಉಳಿದ ಕ್ಯಾತಿಟರ್‌ಗಳು ಬಹಳ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲ ಮುಟ್ಟದಿರಲಿ. ಗಂಜಿ ಉಣಿಸುವಾಗ ತಲೆ ಎತ್ತರಿಸಿ ಕೂರಿಸಿ. ನೋಡಲು ಬಂದ ಬಂಧುಬಳಗ ಮಂಚದ ಮೇಲೆಯೇ ಕುಳಿತು ಕವಳ ಹಾಕುವ ಪದ್ಧತಿಗೆ ನೀವೇ ಗಟ್ಟಿಯಾಗಿ ಬೇಡ ಎನ್ನಬೇಕು. ಸಿಸ್ಟರ್ ಹೇಳಿದರೆ ನಮ್ಮ ಕಡೆಯವರು ಕೇಳುವುದಿಲ್ಲ.

ಪ್ರಶ್ನೆ: ಕೊರೊನಾ ಕಾಲದಲ್ಲಿ ತಂದ ಅಜಿಥ್ರೊಮೈಸಿನ್ ಮಾತ್ರೆ ಉಳಿದಿದೆ. ನೆಗಡಿ ಜ್ವರಕ್ಕೆ ತೆಗೆದುಕೊಳ್ಳಬಹುದೇ?
– ಓದುಗರು, ಹೊನ್ನಾವರ

ಉತ್ತರ: ಬೇಡ. ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಶೇ. 8ರಷ್ಟು, ಆಂಟಿಬಯಾಟಿಕ್ ನುಂಗಿದವರು ನಾಲ್ವರಲ್ಲಿ ಮೂವರು ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ. ಮೇಲೆ ಅಂಕೋಲಾದವರಿಗೆ ಬರೆದ ಮೊಂಡು ಬ್ಯಾಕ್ಟೀರಿಯಾಗಳು ಬೆಳೆಯಲು ಇಂಥ ಬಳಕೆಯೂ ಒಂದು ಕಾರಣ. ಅಷ್ಟಕ್ಕೂ ಆ ಮಾತ್ರೆಯ ಅವಧಿ ಮುಗಿದಿರುತ್ತದೆ, ಪಟ್ಟಿಯ ಹಿಂಬದಿ ನೋಡಿ.