ಬೆಂಗಳೂರಿಗೆಂದು ಕಾವೇರಿ ನೀರನ್ನು ಮೀಸಲಿಡುವುದು ಎಂದರೇನು?

ಕನ್ನಂಬಾಡಿ ಕಟ್ಟೆಯಲ್ಲಿ ಬೆಂಗಳೂರಿಗೆಂದೇ ಬೇರೆ ತೊಟ್ಟಿಯಿದೆಯೇ ಎಂದು ಕೇಳಿದ್ದೀರಿ. ಇಲ್ಲ, ಮೀಸಲು ಇರುವುದು ಲೆಕ್ಕದಲ್ಲಿ. ರಾಜ್ಯಗಳ ನಡುವಿನ ಕಾವೇರಿ ಜಲವಿವಾದ ನ್ಯಾಯಮಂಡಳಿಯ 2007ರ ಐತೀರ್ಪು ಕಾವೇರಿಯ 740 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ಹಂಚುವಾಗ ಪರಿಸರಕ್ಕೆಂದು 10, ಅನಿವಾರ್ಯವಾಗಿ ಕಡಲು ಸೇರುವ ಹರಿವಿಗೆಂದು 4 ಟಿಎಂಸಿ ತೆಗೆದಿಟ್ಟಿತು. ಆದರೆ ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ, ಅಂದರೆ ಕಾವೇರಿಗೆ ನೀರು ಹರಿದು ಸೇರುವ ಪ್ರದೇಶದಲ್ಲಿದೆ ಎಂಬ ಕಾರಣಕ್ಕೆ ಬೆಂಗಳೂರಿನ ಕುಡಿಯುವ ನೀರಿನ ಪಾಲನ್ನು ಮೊಟಕುಗೊಳಿಸಿತು. ಬಾಯಾರಿಕೆಗೆ ಕಣಿವೆಯ ಗಡಿ ಗೊತ್ತಿರುವುದಿಲ್ಲವಲ್ಲ! 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನಗರಕ್ಕೆ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟು ಅದನ್ನು ತಿದ್ದಿತು. ಬರಗಾಲದಲ್ಲಿ ಈ ಲೆಕ್ಕ ಕಣ್ಣಿಗೆ ಬೀಳುವುದು ತೂಬಿನ ಬಳಿ: ಮಂಡ್ಯದ ಗದ್ದೆಗಳಿಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯನ್ನು ನಿಲ್ಲಿಸಿ, ಕುಡಿಯಲು ಉಳಿಸಿಕೊಂಡ ನೀರನ್ನು ನದಿಗೆ ಬಿಟ್ಟು, ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಪಂಪ್ ಮಾಡಿ ಸುಮಾರು 100 ಕಿ.ಮೀ. ದೂರದ ನಮ್ಮ ನಲ್ಲಿಗಳಿಗೆ ತರುತ್ತಾರೆ.